300 ಓಮ್ ಹೆಡ್‌ಫೋನ್‌ಗೆ ಲ್ಯಾಪ್‌ಟಾಪ್ ಜ್ಯಾಕ್ ಸಾಕಾಗತ್ತಾ, ಇಲ್ಲಾ ಬೇರೆ ಡ್ಯಾಕ್ (ಡಿಜಿಟಲ್ ಸಿಗ್ನಲ್ಲನ್ನ ಆಡಿಯೋ ಸಿಗ್ನಲ್ ಮಾಡೋ ಸಾಧನ) ತಗೋಬೇಕಾ?

ನೀವು ಕೇಳಿರೋದು ಇಷ್ಟು: ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್ ತಗೊಂಡಿದ್ದೀರಿ, 300 ಓಮ್ (ಕರೆಂಟ್‌ಗೆ ಅದು ಒಡ್ಡೋ ತಡೆಯ ಅಳತೆ), ಲ್ಯಾಪ್‌ಟಾಪ್‌ಗೆ ಹಾಕಿದ್ರೆ ವಾಲ್ಯೂಮ್ ಫುಲ್ ಇಟ್ರೂ ಸಪ್ಪೆ ಅನ್ಸತ್ತೆ, ಒಬ್ರು ಸೌಂಡ್ ಕಾರ್ಡ್ ಹಾಕ್ಸಿ ಅಂತಾರೆ, ಇನ್ನೊಬ್ರು ದೊಡ್ಡ ಆಂಪ್ (ಸಿಗ್ನಲ್ ಜೋರು ಮಾಡೋ ಆಂಪ್ಲಿಫೈಯರ್) ಇಲ್ದಿದ್ರೆ ಈ ಹೆಡ್‌ಫೋನೇ ದಂಡ ಅಂತಾರೆ. ನಾನೂ 250 ಓಮ್‌ನ ಡಿಟಿ 990 ಪ್ರೋ ಹೆಡ್‌ಫೋನ್ ಇಟ್ಕೊಂಡು ಇದೇ ಗೊಂದಲದಲ್ಲಿ ತಿಂಗಳುಗಟ್ಲೆ ಒದ್ದಾಡಿದೀನಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ. ಮೊದಲು ಅಳೆದು ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಓಮ್ ಜಾಸ್ತಿ ಇರೋ ಹೆಡ್‌ಫೋನ್ ಕೇಳೋದು ವೋಲ್ಟೇಜ್, ಕರೆಂಟ್ ಅದಕ್ಕೆ ಚೂರು ಸಾಕು. 1 ವೋಲ್ಟ್ ಕೊಟ್ರೆ 32 ಓಮ್ ಹೆಡ್‌ಫೋನ್‌ಗೆ ಸುಮಾರು 31 ಮಿಲಿವ್ಯಾಟ್ ಹೋಗತ್ತೆ, ಅದೇ 1 ವೋಲ್ಟ್‌ಗೆ 300 ಓಮ್‌ನಲ್ಲಿ ಬರೀ 3.3 ಮಿಲಿವ್ಯಾಟ್. ಹಾಗಂತ ಓಮ್ ಒಂದನ್ನೇ ನೋಡಿ ಹೆದರ್ಬೇಡಿ, ಸೆನ್ಸಿಟಿವಿಟಿನೂ (ಇಷ್ಟು ಸಿಗ್ನಲ್ ಕೊಟ್ರೆ ಎಷ್ಟು ಜೋರಾಗಿ ಕೇಳತ್ತೆ ಅನ್ನೋದು) ಅಷ್ಟೇ ಮುಖ್ಯ. ನನ್ನದಕ್ಕೆ ಕಂಪನಿ ಹೇಳಿರೋದು 1 ಮಿಲಿವ್ಯಾಟ್‌ಗೆ 96 ಡೆಸಿಬಲ್, 250 ಓಮ್‌ನಲ್ಲಿ 1 ಮಿಲಿವ್ಯಾಟ್ ಅಂದ್ರೆ ಸರಿಯಾಗಿ ಅರ್ಧ ವೋಲ್ಟ್. ವೋಲ್ಟೇಜ್ ಡಬಲ್ ಆದಾಗೆಲ್ಲ 6 ಡೆಸಿಬಲ್ ಏರತ್ತೆ, ಅಲ್ಲಿಗೆ 1 ವೋಲ್ಟ್‌ಗೆ 102, 2 ವೋಲ್ಟ್‌ಗೆ 108. ನಿಮ್ಮ ಎಚ್‌ಡಿ 650ಗೆ ಕಂಪನಿಯೇ 1 ವೋಲ್ಟ್‌ಗೆ 103 ಅಂತ ಕೊಟ್ಟಿದೆ, ಅಂದ್ರೆ ಓಮ್ ಜಾಸ್ತಿ ಇದ್ರೂ ನಿಮ್ಮದು ನನ್ನದಕ್ಕಿಂತ ಒಂದು ಎಳೆ ಜೋರೇ.

103 ಅಂದ್ರೆ ಕಿವಿಗೆ ಬಡಿಯೋಷ್ಟು ಆಯ್ತಲ್ಲ, ಮತ್ಯಾಕೆ ಸಪ್ಪೆ ಅಂತ ನಿಮಗೆ ಅನ್ನಿಸ್ಬೋದು. ಅದು ಪೀಕ್ ಲೆಕ್ಕ, ಅಂದ್ರೆ ಅತಿ ಜೋರಿನ ಕ್ಷಣದ್ದು. ಆರ್ಕೆಸ್ಟ್ರಾ ರೆಕಾರ್ಡಿಂಗಲ್ಲಿ ಸರಾಸರಿ ಮಟ್ಟ ಪೀಕ್‌ಗಿಂತ 20 ಡೆಸಿಬಲ್ ಕೆಳಗಿರೋದು ಮಾಮೂಲು, ಒಂದೇ ವಾದ್ಯ ಮೆಲ್ಲಗೆ ನುಡಿಯೋ ಕಡೆ ಇನ್ನೂ ಕೆಳಗೆ. ಜೊತೆಗೆ ಈಕ್ವಲೈಸರ್ (ಬೇಸ್, ಟ್ರೆಬಲ್ ಬೇರೆ ಬೇರೆಯಾಗಿ ಏರಿಳಿಸೋದು) ಹಾಕೋ ಅಭ್ಯಾಸ ಇದ್ರೆ, ಶಬ್ದ ಒಡೀದ ಹಾಗೆ ಬೇಸ್ 6 ಡೆಸಿಬಲ್ ಏರ್ಸೋಕೆ ಒಟ್ಟು ಸಿಗ್ನಲ್ಲನ್ನ 6 ಡೆಸಿಬಲ್ ಇಳಿಸ್ಬೇಕು, ಅಲ್ಲಿಗೆ ಅರ್ಧ ವೋಲ್ಟೇಜ್ ಹೋಯ್ತು. ಜೋರಾಗಿ ಮಾಸ್ಟರ್ ಮಾಡಿರೋ ಪಾಪ್ ಹಾಡುಗಳಿಗೆ ಈ ತೊಂದರೆ ಗೊತ್ತೇ ಆಗಲ್ಲ.

ಈಗ ಅಳೆಯೋದು ಹೇಗೆ ಅಂತ ಹೇಳ್ತೀನಿ. 50 ಹರ್ಟ್ಸ್‌ನ ಸೈನ್ ವೇವ್ ಫೈಲ್ ಒಂದನ್ನ ಫುಲ್ ಲೆವೆಲ್‌ನಲ್ಲಿ ಮಾಡ್ಕೊಂಡು, ವಾಲ್ಯೂಮ್ ಫುಲ್ ಇಟ್ಟು ಪ್ಲೇ ಮಾಡಿ, ಹೆಡ್‌ಫೋನ್ ಕಿತ್ತಿಟ್ಟಿರಿ, ಜ್ಯಾಕ್‌ಗೆ ಹಳೇ ಕೇಬಲ್ ಒಂದನ್ನ ಹಾಕಿ ಅದ್ರ ಇನ್ನೊಂದು ಪಿನ್ನಿನ ತುದಿಗೂ ಬುಡದ ಲೋಹಕ್ಕೂ ಮಲ್ಟಿಮೀಟರ್‌ನ ಎರಡು ಕಡ್ಡಿ ಮುಟ್ಸಿ, ಎಸಿ ವೋಲ್ಟ್‌ನಲ್ಲಿ ನೋಡಿ. ಸಾಮಾನ್ಯ ಮೀಟರ್‌ಗಳು ಎಸಿ ಸರಿಯಾಗಿ ಓದೋದು ಈ 50-60 ಹರ್ಟ್ಸ್ ಹತ್ರಾನೇ, ಅದಕ್ಕೇ ಆ ಫ್ರೀಕ್ವೆನ್ಸಿ. ನನ್ನ ಲ್ಯಾಪ್‌ಟಾಪ್ 0.7 ತೋರಿಸ್ತು. ಅದನ್ನ ನೋಡಿದ್ಮೇಲೇ ನನಗೆ ಮನಸ್ಸಿಗೆ ಸಮಾಧಾನ ಆಗಿದ್ದು, ಹೆಡ್‌ಫೋನ್‌ದೇನೂ ತಪ್ಪಿಲ್ಲ ಅಂತ.

2 ವೋಲ್ಟ್ ಬಂದ್ರೆ ಏನೂ ತಗೋಬೇಡಿ. 2021ರ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೋಗಳಂತೂ ಹೆಡ್‌ಫೋನ್ 150 ಓಮ್ ದಾಟಿದೆ ಅಂತ ತಾವೇ ಕಂಡ್ಕೊಂಡು 3 ವೋಲ್ಟ್‌ವರೆಗೂ ಕೊಡತ್ವೆ, ಅದಕ್ಕೆ ಮೇಲೊಂದು ಡ್ಯಾಕ್ ಯಾಕೆ. ಡೆಸ್ಕ್‌ಟಾಪ್ ಇದ್ರೆ ಮದರ್‌ಬೋರ್ಡ್‌ನ ಆಡಿಯೋ ಸೆಟ್ಟಿಂಗಲ್ಲಿ ಹೆಡ್‌ಫೋನ್ ಗೇನ್ (ಸಿಗ್ನಲ್ ಎಷ್ಟು ಏರ್ಸ್ಬೇಕು ಅನ್ನೋದು) ಅಂತ ಇದ್ಯಾ ಹುಡುಕಿ, ಎಷ್ಟೋ ಬೋರ್ಡಲ್ಲಿ ಅದು ಲೋ ಅಲ್ಲೇ ಇರತ್ತೆ. ಲಿನಕ್ಸ್ ಆದ್ರೆ ಆಲ್ಸಾಮಿಕ್ಸರ್ ಅನ್ನೋ ವಾಲ್ಯೂಮ್ ಪ್ರೋಗ್ರಾಂ ತೆಗೆದು ಹೆಡ್‌ಫೋನ್ ಸ್ಲೈಡರ್ ನೋಡಿ.

1 ವೋಲ್ಟ್ ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಯುಎಸ್‌ಬಿ ಡ್ಯಾಕ್-ಆಂಪ್ ಒಂದು ತಗೊಳ್ಳಿ, ಒಳಗಿನ ಸೌಂಡ್ ಕಾರ್ಡ್ ಬೇಡ. ಗ್ರಾಫಿಕ್ಸ್ ಕಾರ್ಡ್ ಪಕ್ಕದಲ್ಲೇ ಕೂತು ಮೌಸ್ ಸ್ಕ್ರೋಲ್ ಮಾಡಿದಾಗೆಲ್ಲ ಚರ್ರ್ ಅನ್ನೋ ಕಾರ್ಡ್ ಒಂದನ್ನ ನಾನು ಇಟ್ಕೊಂಡಿದ್ದೆ, ರಾತ್ರಿ ಮೆಲ್ಲಗೆ ಹಾಡು ಕೇಳೋಕೆ ಕೂತ್ರೆ ಅದೊಂದೇ ಕಿವಿಗೆ ಬೀಳ್ತಿತ್ತು. ಪುಟ್ಟ ಅಡಾಪ್ಟರ್‌ಗಳಲ್ಲೂ ನೋಡಿ ತಗೊಳ್ಳಿ, ಆ್ಯಪಲ್‌ನ ಯುಎಸ್‌ಬಿ-ಸಿ ಅಡಾಪ್ಟರ್ ಒಳ್ಳೇದೇ, ಆದ್ರೆ ಕೊಡೋದು 1 ವೋಲ್ಟ್, ಯುರೋಪ್‌ನಲ್ಲಿ ಮಾರೋದು ಅದರ ಅರ್ಧ.

ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್ ಕೊಡೋ ಜ್ಯಾಕ್‌ನ ಒಳಗಿನ ತಡೆ) ಬಗ್ಗೆ ನೀವು ತಲೆ ಕೆಡಿಸ್ಕೋಬೇಕಾಗಿಲ್ಲ, ಹೆಡ್‌ಫೋನ್‌ನ ಎಂಟನೇ ಒಂದು ಭಾಗದ ಒಳಗಿದ್ರೆ ಸಾಕು ಅನ್ನೋ ಲೆಕ್ಕದಲ್ಲಿ ನಿಮಗೆ 37 ಓಮ್‌ವರೆಗೂ ನಡೆಯತ್ತೆ. ಕೊಳ್ಳುವಾಗ ಡಬ್ಬದ ಮೇಲಿನ 32 ಬಿಟ್, 768 ಕಿಲೋಹರ್ಟ್ಸ್ ನೋಡಿ ಮರುಳಾಗ್ಬೇಡಿ, 300 ಓಮ್‌ಗೆ ಎಷ್ಟು ವೋಲ್ಟ್ ಅಂತ ಬರ್ದಿದ್ಯಾ ನೋಡಿ. 32 ಓಮ್‌ಗೆ ಇಷ್ಟು ಮಿಲಿವ್ಯಾಟ್ ಅಂತ ಮಾತ್ರ ಇದ್ರೆ ನಿಮ್ಮ ಹೆಡ್‌ಫೋನ್‌ಗೆ ಅದ್ರಿಂದ ಪೂರ್ತಿ ತಿಳಿಯಲ್ಲ, ಅಂಥದ್ದನ್ನ ಅಲ್ಲೇ ಬಿಟ್ಬಿಡಿ.