ಓದುಗರ ಪ್ರಶ್ನೆ: ಮಹಡಿಯ ಮೇಲೆ 5 ಅಡಿ ಅಕ್ವೇರಿಯಂ ಇಡಬಹುದೇ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಆರ್‌ಸಿಸಿ ಮನೆ. ಮೊದಲ ಮಹಡಿಯ ಹಾಲ್‌ನಲ್ಲಿ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಅಕ್ವೇರಿಯಂ ಇಡಬೇಕೆಂದಿದ್ದೇವೆ. ನೆಲಕ್ಕೆ ಶಹಾಬಾದ್ ಪರ್ಸಿ (ಹಾಸುಗಲ್ಲು) ಹಾಕಿದೆ. ಸ್ಲ್ಯಾಬ್ ತಡೆಯುತ್ತದೆಯೇ?

ಉತ್ತರ: ಮೊದಲು ಭಾರ ಲೆಕ್ಕ ಹಾಕಿ. ಅಂಚಿಗಿಂತ 2 ಇಂಚು ಕೆಳಗೆ ತುಂಬಿದರೂ ನೀರೇ ಸುಮಾರು 490 ಕೆಜಿ. 12 ಮಿ.ಮೀ. ಗಾಜಿನದು 105, ಜಲ್ಲಿ 60, ಕಬ್ಬಿಣದ ಸ್ಟ್ಯಾಂಡ್ 60. ಒಟ್ಟು 700 ಕೆಜಿ ದಾಟಿತು. ಹಾಸಿಗೆಯಷ್ಟು ಜಾಗದಲ್ಲಿ 12 ಜನ ಒತ್ತಿಕೊಂಡು ನಿಂತ ಹಾಗೆ. ಜನ ಇಳಿದು ಹೋಗುತ್ತಾರೆ, ಟ್ಯಾಂಕ್ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಬಿಡದೆ ಕೂತ ಭಾರಕ್ಕೆ ಕಾಂಕ್ರೀಟ್ ನಿಧಾನವಾಗಿ ಬಾಗುತ್ತ ಹೋಗುತ್ತದೆ. ವಾಸದ ಕೋಣೆಗೆ ಐಎಸ್ 875 (ಕಟ್ಟಡ ಹೊರಬೇಕಾದ ಭಾರದ ಭಾರತೀಯ ಮಾನದಂಡ) ಇಟ್ಟುಕೊಂಡ ಲೆಕ್ಕ ಚದರ ಮೀಟರಿಗೆ 200 ಕೆಜಿ, ನಿಮ್ಮ ಟ್ಯಾಂಕಿನ ಬುಡದಲ್ಲಿ ಅದು 750 ಮೀರುತ್ತದೆ. ಹಾಗೆಂದು ಸ್ಲ್ಯಾಬ್ ಕುಸಿದೇ ಬಿಡುತ್ತದೆ ಎಂದಲ್ಲ. ಆ 200 ಇಡೀ ಕೋಣೆಯ ತುಂಬ ಹರಡಿದ ಭಾರ. ಟ್ಯಾಂಕನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಕೆಳಮನೆಗೆ ಇಳಿದು ಛತ್ತು ನೋಡಿ. ಬೀಮ್ ಹಾದುಹೋದ ಗೋಡೆಗೆ ಹೊಂದಿಕೊಂಡು, ಟ್ಯಾಂಕಿನ ಉದ್ದ ಬೀಮಿನ ಗುಂಟ ಬರುವಂತೆ ಇಡಿ. ಬೀಮ್ ಇಲ್ಲದ 4½ ಇಂಚಿನ ಅಡ್ಡಗೋಡೆಯನ್ನು ಆಧಾರವೆಂದು ನಂಬಬೇಡಿ. ಬಾಲ್ಕನಿ ಬೇಡ, ಕೋಣೆಯ ನಡುವೆಯಂತೂ ಬೇಡವೇ ಬೇಡ. ಛತ್ತಿನಲ್ಲಿ ಬಿರುಕು, ತುಕ್ಕಿನ ಕಲೆ, ಉದುರಿದ ಪ್ಲಾಸ್ಟರ್ ಕಂಡರೆ ಈ ಯೋಚನೆ ಬಿಟ್ಟುಬಿಡಿ. ಎಲ್ಲ ಸರಿಯಿದ್ದರೂ ಮನೆಯ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿದ ಮೇಲೆಯೇ ಟ್ಯಾಂಕ್‌ಗೆ ಮುಂಗಡ ಕೊಡಿ.

ಇನ್ನು ಪರ್ಸಿ. ಸ್ಟ್ಯಾಂಡಿನ ಕಾಲು ಬರುವ ಕಡೆಯಲ್ಲೆಲ್ಲ ನಾಣ್ಯದಿಂದ ಬಡಿದು ನೋಡಿ. ಗಟ್ಟಿ ಕೂತ ಕಲ್ಲು ಟಣ್ ಎನ್ನುತ್ತದೆ. ಡಬ್ ಡಬ್ ಎಂದರೆ ಕೆಳಗೆ ಸಿಮೆಂಟ್ ತುಂಬಿಲ್ಲ, ಅಲ್ಲಿ ಕಾಲು ಊರಿದರೆ ಕಲ್ಲು ಸೀಳುತ್ತದೆ. 6 ಕಾಲಿನ ಸ್ಟ್ಯಾಂಡಿನಲ್ಲೂ ಒಂದೊಂದು ಕಾಲಿಗೆ 120 ಕೆಜಿ ಬೀಳುತ್ತದೆ. ಆದ್ದರಿಂದ 40×40 ಮಿ.ಮೀ. ಚೌಕ ಪೈಪಿನ ಸ್ಟ್ಯಾಂಡಿಗೆ ನೆಲದ ಮೇಲೂ ಉದ್ದಕ್ಕೆ ಪೈಪ್ ಓಡಿಸಿ, ಹಿಂಬದಿಗೆ ಓರೆಪಟ್ಟಿ ಬೆಸೆಯಿಸಿ. ಓರೆಪಟ್ಟಿ ಇಲ್ಲದ ಸ್ಟ್ಯಾಂಡ್ ಪಕ್ಕಕ್ಕೆ ವಾಲುತ್ತದೆ.

ಪ್ರಶ್ನೆ: ಇಟ್ಟಿಗೆ ಕಂಬದ ಸ್ಟ್ಯಾಂಡ್ ಕಟ್ಟಿ ಅದರ ಮೇಲೂ ಪರ್ಸಿ ಕಲ್ಲನ್ನೇ ಹಾಕಬಹುದೇ? (ಯಾದಗಿರಿ)

ಉತ್ತರ: ಎರಡು ಇಟ್ಟಿಗೆ ಕಂಬಗಳ ಮೇಲೆ 5 ಅಡಿ ಕಲ್ಲು ಹಾಸಿ ಟ್ಯಾಂಕ್ ಇಡುವುದು ಅಪಾಯ. ಕಲ್ಲು ಒತ್ತಡ ತಡೆಯುತ್ತದೆ, ಬಾಗನ್ನು ತಡೆಯುವುದಿಲ್ಲ. ಸೂಚನೆ ಕೊಡದೆ ಮುರಿಯುತ್ತದೆ. ಪದರ ಪದರವಾಗಿ ಸೀಳಿ ತೆಗೆದ ಕಲ್ಲಾದ್ದರಿಂದ ಮೇಲ್ಮೈ ಸಮತಟ್ಟಾಗಿಯೂ ಇರುವುದಿಲ್ಲ. ಅಡ್ಡಪಟ್ಟಿ ಇರುವ ಕಬ್ಬಿಣದ ಚೌಕಟ್ಟಿನ ಮೇಲೆ 18 ಮಿ.ಮೀ. ಮರೈನ್ ಪ್ಲೈ (ನೀರು ತಾಳುವ ಪ್ಲೈವುಡ್), ಅದರ ಮೇಲೆ 12 ಮಿ.ಮೀ. ಥರ್ಮೋಕೋಲ್ ಹಾಕಿ. ತಳದ ಗಾಜು ನೇರವಾಗಿ ಕೂರುವ ಟ್ಯಾಂಕಿಗೆ ಮಾತ್ರ ಥರ್ಮೋಕೋಲ್, ತಳದ ಸುತ್ತಲಿನ ಅಂಚುಪಟ್ಟಿಯ ಮೇಲೆ ನಿಲ್ಲುವ ಟ್ಯಾಂಕಿಗೆ ಬೇಡ. ಮರಳಿನ ಒಂದು ಕಣ ಗಾಜಿನಡಿ ಸಿಕ್ಕರೂ ಸಾಕು, ಗಾಜು ಬಿರುಕು ಬಿಡಬಹುದು. ಒರೆಸಿ ಇಡಿ.

ಮೊದಲ ದಿನ ಮೂರನೇ ಒಂದು ಪಾಲು ಮಾತ್ರ ನೀರು ತುಂಬಿ. ನೀರಿನಿಂದ ಮೇಲಂಚಿಗೆ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. 3 ಮಿ.ಮೀ.ಗಿಂತ ವ್ಯತ್ಯಾಸ ಕಂಡರೆ ನೀರು ತೆಗೆದು ಸ್ಟ್ಯಾಂಡಿನ ಕೆಳಗೆ ತಗಡು ಕೊಟ್ಟು ಸರಿಮಾಡಿ. ಗಾಜಿನ ಕೆಳಗೆ ಎಂದೂ ಚಕ್ಕೆ ತುರುಕಬೇಡಿ. ತಳ ತಿರುಚಿಕೊಂಡು ಮೂಲೆಯ ಸಿಲಿಕಾನ್ ಬಿಡುತ್ತದೆ.

ಪ್ರಶ್ನೆ: ಬೀದರಿನ ನಮ್ಮ ಹಳೇ ಮನೆಗೆ ಮರದ ತೊಲೆಯ ಮಣ್ಣಿನ ಮಾಳಿಗೆ ಇದೆ. ಮೇಲೆ 3 ಅಡಿ ಟ್ಯಾಂಕ್ ಇಡಬಹುದೇ?

ಉತ್ತರ: ಬೇಡ. ತೊಲೆಯ ತುದಿ ಕೊಳೆಯುವುದೂ ಗೆದ್ದಲು ಹಿಡಿಯುವುದೂ ಗೋಡೆಯೊಳಗೆ, ಹೊರಗಿನಿಂದ ಕಾಣುವುದಿಲ್ಲ. ನೆಲಮನೆಯಲ್ಲಿಡಿ.