ಮಳೆ ಬಂದರೆ ಬೀಳುವ ಡೀಸೆಲ್ ಮುಳ್ಳು

ಪ್ರಶ್ನೆ: ತೋಟದ ಕೆಲಸಕ್ಕೆ ಇಟ್ಟುಕೊಂಡ ಹಳೆಯ ಡೀಸೆಲ್ ಜೀಪು ನಮ್ಮದು. ಮಳೆಗಾಲ ಶುರುವಾದ ಮೇಲೆ ಡೀಸೆಲ್ ಮುಳ್ಳು ಇದ್ದಕ್ಕಿದ್ದಂತೆ ಖಾಲಿಗೆ ಬೀಳುತ್ತದೆ. ಎರಡು ದಿನ ಬಿಸಿಲು ಬಿದ್ದರೆ ತಾನೇ ಸರಿಯಾಗುತ್ತದೆ. ಏರು ಹತ್ತುವಾಗ ಅರ್ಧ, ಇಳಿಯುವಾಗ ಕಾಲು ತೋರಿಸುತ್ತದೆ. ಮೀಟರನ್ನೇ ಬದಲಾಯಿಸಿ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಮೀಟರಿಗೆ ಈಗಲೇ ದುಡ್ಡು ಹಾಕಬೇಡಿ. ಏರು ಇಳಿಜಾರಿನ ವ್ಯತ್ಯಾಸ ದೋಷವೇ ಅಲ್ಲ. ಡೀಸೆಲ್ ಟ್ಯಾಂಕಿನ ಒಂದು ಕಡೆಗೆ ಸರಿಯುತ್ತದೆ, ಅದರೊಂದಿಗೆ ಅದರ ಮೇಲೆ ತೇಲುವ ಬುರುಡೆ, ಅಂದರೆ ಫ್ಲೋಟ್, ಏರಿಳಿಯುತ್ತದೆ. ಮುಳ್ಳು ನೋಡಬೇಕಾದ್ದು ಸಮತಟ್ಟಾದ ಜಾಗದಲ್ಲಿ. ಕೊಡಗಿನಲ್ಲಿ ಅದು ಸಿಗುವುದೇ ಅಪರೂಪ. ಕಾಫಿ ಒಣಗಿಸುವ ಕಣ ಇದ್ದರೆ ಜೀಪನ್ನು ಅಲ್ಲಿ ನಿಲ್ಲಿಸಿ.

ಮಳೆಗೆ ಕೆಟ್ಟು ಬಿಸಿಲಿಗೆ ಸರಿಯಾಗುವ ಕಾಯಿಲೆ ಹೆಚ್ಚಾಗಿ ಟ್ಯಾಂಕಿನ ಬಳಿಯ ಕನೆಕ್ಟರಿನದು ಅಥವಾ ಕರೆಂಟನ್ನು ಗಾಡಿಯ ಲೋಹದ ಮೈಗೆ ಮರಳಿಸುವ ಅರ್ತ್ ವೈರಿನದು. ಮೊದಲು ಟೆಂಪರೇಚರ್ ಮುಳ್ಳನ್ನೂ ಗಮನಿಸಿ. ಎರಡೂ ಒಟ್ಟಿಗೆ ಕುಣಿದರೆ ಟ್ಯಾಂಕಿನ ತಂಟೆಗೆ ಹೋಗದೆ ಮೀಟರ್ ಬೋರ್ಡಿಗೆ ಬರುವ ಫ್ಯೂಸ್, ಕರೆಂಟ್, ಅರ್ತ್ ನೋಡಿಸಿ.

ಡೀಸೆಲ್ ಮುಳ್ಳೊಂದೇ ಕೆಟ್ಟಿದ್ದರೆ, ಟ್ಯಾಂಕಿನ ಮೇಲಿನ ಯೂನಿಟ್‌ನಿಂದ (ಫ್ಲೋಟಿನ ಏರಿಳಿತವನ್ನು ಮೀಟರಿಗೆ ತಿಳಿಸುವ ಭಾಗ) ವೈರ್ ಕಳಚಿ ಇಗ್ನಿಷನ್ ಆನ್ ಮಾಡಿ. ಹಳೆಯ ಮೀಟರಿನ ಮುಳ್ಳು ನಿಧಾನ, ಅರ್ಧ ನಿಮಿಷ ಕಾಯಿರಿ. ಮುಳ್ಳು ಖಾಲಿಗೆ ಹೋದರೆ ಮಳೆಯಲ್ಲಿ ಆಗುತ್ತಿರುವುದೂ ಇದೇ, ಸಂಪರ್ಕ ತಪ್ಪುತ್ತಿದೆ. ತುಂಬಿದ ಕಡೆಗೆ ಹೋದರೆ ಕತೆ ಬೇರೆ: ವೈರ್ ಎಲ್ಲೋ ಸುಲಿದು ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ತಾಗುತ್ತಿದೆ. ಈಗ ಅದೇ ವೈರನ್ನು 10 ಓಮ್‌ನ ರೆಸಿಸ್ಟರ್ ಮೂಲಕ ಚಾಸಿಗೆ ತಾಗಿಸಿ. ಮುಳ್ಳು ಎದುರು ತುದಿಯತ್ತ ನಡೆದರೆ ಮೀಟರೂ ವೈರೂ ಚೆನ್ನಾಗಿವೆ. ತುದಿ ಮುಟ್ಟುತ್ತಲೇ ತೆಗೆದುಬಿಡಿ. ಟ್ಯಾಂಕ್ ಮುಚ್ಚಿರುವಾಗ ಮಾತ್ರ ಈ ಪರೀಕ್ಷೆ, ಕಿಡಿ ಹಾರಬಹುದು. ಕಂಪ್ಯೂಟರ್ ಇರುವ ಹೊಸ ಗಾಡಿಗಳಿಗೆ ಇದನ್ನು ಮಾಡಬೇಡಿ.

ಇಗ್ನಿಷನ್ ಆಫ್ ಮಾಡಿ, ಯೂನಿಟ್‌ನ ಲೋಹದ ಮುಚ್ಚಳದಿಂದ ಬ್ಯಾಟರಿಯ ಮೈನಸ್‌ವರೆಗೆ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 1 ಓಮ್‌ಗಿಂತ ಕಡಿಮೆ ಬರಬೇಕು. ಹೆಚ್ಚು ಬಂದರೆ ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕು ಹೋಗಿ ಲೋಹ ಹೊಳೆಯುವ ತನಕ ಉಜ್ಜಿ. ಕನೆಕ್ಟರಿನ ಪಿನ್‌ಗಳಲ್ಲಿ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬ್ರಷ್ ಮಾಡಿ, ಒಣಗಿದ ಮೇಲೆ ಜೋಡಿಸಿ, ಹೊರಗೆ ತೆಳುವಾಗಿ ವ್ಯಾಸಲೀನ್ ಬಳಿಯಿರಿ. ಬಹಳ ಜೀಪುಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಯೂನಿಟ್ ಹೊರತೆಗೆಯಬೇಕು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಡೀಸೆಲ್ ಇರಲಿ, ಬ್ಯಾಟರಿಯ ಮೈನಸ್ ಕಳಚಿರಲಿ. ಮುಚ್ಚಳದ ಸುತ್ತಲಿನ ಕೆಸರು ಮೊದಲೇ ಒರೆಸಿ, ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿಗೆ ಬೀಳುತ್ತದೆ. ಹೊರಬಂದ ಯೂನಿಟ್‌ಗೆ ಮಲ್ಟಿಮೀಟರ್ ಹಚ್ಚಿ ಫ್ಲೋಟಿನ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ. ಓಮ್ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ಎಲ್ಲಾದರೂ ನೆಗೆದರೆ ಅಲ್ಲಿ ಯೂನಿಟ್ ಒಳಗಿನ ರೆಸಿಸ್ಟರ್ ಪಟ್ಟಿ ಸವೆದಿದೆ, ಯೂನಿಟ್ ಹೊಸದೇ ಬೇಕು. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಡೀಸೆಲ್ ಕುಲುಕುವ ಸದ್ದು ಬಂದರೆ ತೂತಾಗಿ ಮುಳುಗುತ್ತಿದೆ. ಹಿತ್ತಾಳೆಯದ್ದಾದರೆ ಬೆಸುಗೆ ಹಾಕಿಸುವ ಆಸೆ ಬೇಡ, ಒಳಗಿನ ಆವಿ ಸಿಡಿದೀತು. ತಿರುಗಿ ಕೂರಿಸುವಾಗ ಗ್ಯಾಸ್ಕೆಟ್ ಹೊಸದಿರಲಿ.

ಅಲ್ಲಿಯವರೆಗೆ ಟ್ಯಾಂಕ್ ತುಂಬಿಸಿದ ದಿನದ ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಡೀಸೆಲ್ ಪೂರ್ತಿ ಮುಗಿದರೆ ಲೈನಿಗೆ ಗಾಳಿ ಹೊಕ್ಕು, ಏರ್ ತೆಗೆಯದೆ ಗಾಡಿ ಸ್ಟಾರ್ಟ್ ಆಗದು. ಜೋರು ಮಳೆಯಲ್ಲಿ ಘಾಟಿಯ ತಿರುವಿನಲ್ಲಿ ಮಾಡುವ ಕೆಲಸವಲ್ಲ ಅದು.

ಪ್ರಶ್ನೆ: ಬೇರೆ ಗಾಡಿಯ ಟ್ಯಾಂಕ್ ಯೂನಿಟ್ ಹಾಕಿಸಿದೆವು. ಈಗ ಟ್ಯಾಂಕ್ ತುಂಬಿದಾಗ ಮುಳ್ಳು ಖಾಲಿ ತೋರಿಸುತ್ತದೆ!
– ಓದುಗರು, ಗೋಣಿಕೊಪ್ಪಲು

ಉತ್ತರ: ಯೂನಿಟ್ ಕೆಟ್ಟಿಲ್ಲ, ಜೋಡಿ ತಪ್ಪಿದೆ. ಕೆಲವು ಗಾಡಿಗಳಲ್ಲಿ ಟ್ಯಾಂಕ್ ತುಂಬಿದಾಗ ಓಮ್ ಕಡಿಮೆ, ಕೆಲವದರಲ್ಲಿ ಹೆಚ್ಚು. ವೈರ್ ಅದಲು ಬದಲು ಮಾಡಿದರೆ ಸರಿಹೋಗುವುದಿಲ್ಲ. ನಿಮ್ಮ ಗಾಡಿಯದೇ ಮಾಡೆಲ್, ಅದೇ ಟ್ಯಾಂಕಿನ ಅಳತೆಯ ಯೂನಿಟ್ ಕೇಳಿ ತನ್ನಿ. ಕಡ್ಡಿ ಗಿಡ್ಡವಾದರೂ ಉದ್ದವಾದರೂ ಲೆಕ್ಕ ತಪ್ಪುತ್ತದೆ.