ಆಯುಧ ಎಣಿಸುವವರ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಶಸ್ತ್ರಾಸ್ತ್ರ ಆಮದಿನ ಅಂಕಿಗಳು, ಏಪ್ರಿಲ್‌ನಲ್ಲಿ ಸೇನಾ ವೆಚ್ಚದ ಅಂಕಿಗಳು, ಜೂನ್‌ನಲ್ಲಿ ಅಣ್ವಸ್ತ್ರಗಳ ಅಂಕಿಗಳು ಪತ್ರಿಕೆಗಳಲ್ಲಿ ಬರುತ್ತವೆ. ಮೂರಕ್ಕೂ ಆಧಾರವೆಂದು ‘ಸಿಪ್ರಿ ವರದಿ’ ಎಂಬ ಎರಡು ಪದಗಳಿರುತ್ತವೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡು ಪದಗಳ ಹಿಂದೆ ಏನಿದೆ ಎಂದೇ ಕೇಳಿವೆ. ಆದ್ದರಿಂದ ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಪ್ರಾದೇಶಿಕ ಭದ್ರತೆ ಹಾಗೂ ಶಾಂತಿಯನ್ನು ಅಧ್ಯಯನ ಮಾಡುವ ಸಂಸ್ಥೆಗಳ ಕೆಲಸದ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಸಿಪ್ರಿ ಎಂದರೆ ಯಾರು? ನಮಗೆ ಬೊಫೋರ್ಸ್ ಫಿರಂಗಿ ಮಾರಿದ ಸ್ವೀಡನ್ ದೇಶವೇ ಶಾಂತಿಯ ಹೆಸರಿನಲ್ಲಿ ನಮ್ಮ ಆಯುಧಗಳನ್ನು ಎಣಿಸುವುದು ವಿಚಿತ್ರವಲ್ಲವೇ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಶಾಂತಿ ಸಂಶೋಧನಾ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಸಿಪ್ರಿ’ ಆಗುತ್ತದೆ. ಸ್ವೀಡನ್ 1814ರ ನಂತರ ಯಾವ ಯುದ್ಧಕ್ಕೂ ಇಳಿದಿರಲಿಲ್ಲ. ಆ ಶಾಂತಿಗೆ 150 ವರ್ಷ ತುಂಬಿದ ನೆನಪಿಗೆ ಒಂದು ಸಂಶೋಧನಾ ಸಂಸ್ಥೆ ಇರಲಿ ಎಂದು 1964ರಲ್ಲಿ ಪ್ರಧಾನಿ ತಾಗೆ ಎರ್ಲಾಂಡರ್ ಸೂಚಿಸಿದರು. ಅದರ ರೂಪುರೇಷೆ ಸಿದ್ಧಪಡಿಸಿದ ಆಯೋಗದ ನೇತೃತ್ವ ವಹಿಸಿದವರು ಆಲ್ವಾ ಮಿರ್ಡಾಲ್. ಸಂಸ್ಥೆ ಆರಂಭವಾದದ್ದು 1966ರಲ್ಲಿ. ಆಲ್ವಾ ಮಿರ್ಡಾಲ್ ನಮಗೆ ಅಪರಿಚಿತರೇನಲ್ಲ; 1955ರಿಂದ 1961ರವರೆಗೆ ಅವರು ದೆಹಲಿಯಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. ಮುಂದೆ ನಿಶ್ಶಸ್ತ್ರೀಕರಣಕ್ಕಾಗಿ ದುಡಿದದ್ದಕ್ಕೆ 1982ರ ನೊಬೆಲ್ ಶಾಂತಿ ಪುರಸ್ಕಾರವನ್ನು ಮೆಕ್ಸಿಕೋದ ಅಲ್ಫೋನ್ಸೋ ಗಾರ್ಸಿಯಾ ರೊಬ್ಲೆಸ್ ಅವರೊಂದಿಗೆ ಹಂಚಿಕೊಂಡರು.

ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಶಾಂತಿ ಸಂಶೋಧನೆಗೆ ಹಣ ಕೊಡುವ ದೇಶದ ಕಂಪನಿಯೇ 1986ರಲ್ಲಿ ನಮ್ಮೊಂದಿಗೆ 410 ಫಿರಂಗಿಗಳ ಒಪ್ಪಂದಕ್ಕೆ ಸಹಿ ಹಾಕಿತ್ತು. ಯಾವ ಮಿಲಿಟರಿ ಕೂಟಕ್ಕೂ ಸೇರೆನೆಂದು ತಲೆಮಾರುಗಳ ಕಾಲ ಹೇಳುತ್ತಿದ್ದ ಅದೇ ದೇಶ 2024ರ ಮಾರ್ಚ್‌ನಲ್ಲಿ ನ್ಯಾಟೋ ಸೇರಿತು. ಆದರೆ ಸಿಪ್ರಿಯ ಪಟ್ಟಿಯಲ್ಲಿ ಭಾರತದ ಆಮದು ಇರುವಂತೆ ಸ್ವೀಡನ್ನಿನ ರಫ್ತೂ ಇದೆ, ಎರಡನ್ನೂ ಅಳೆಯುವುದು ಒಂದೇ ಅಳತೆಗೋಲಿನಿಂದ. ಮಾರುವವನ ಮನೆಯಲ್ಲಿಯೇ ಕುಳಿತವನು ಮಾರುವವನ ಲೆಕ್ಕವನ್ನೂ ಬರೆದಿಡುತ್ತಾನೆಂದರೆ, ಅವನು ಎಲ್ಲಿ ಕುಳಿತಿದ್ದಾನೆ ಎಂಬುದಕ್ಕಿಂತ ಹೇಗೆ ಬರೆಯುತ್ತಾನೆ ಎಂಬುದನ್ನು ನೋಡುವುದು ಲೇಸು. ಮುಂದಿನ ಪತ್ರ ಕೇಳುತ್ತಿರುವುದೂ ಅದನ್ನೇ.

ಪ್ರಶ್ನೆ: ನಾನು ನೌಕಾಪಡೆಯಿಂದ ನಿವೃತ್ತನಾದವನು. ಸೇನೆಯ ಒಳಗಿದ್ದ ನಮಗೇ ತಿಳಿಯದ ಸಂಗತಿಗಳು ಸ್ಟಾಕ್‌ಹೋಮಿನಲ್ಲಿ ಕುಳಿತವರಿಗೆ ಹೇಗೆ ತಿಳಿಯುತ್ತವೆ? ‘ಆಮದು ಇಷ್ಟು ಶೇಕಡ’ ಎಂದು ಯಾವ ಆಧಾರದ ಮೇಲೆ ಬರೆಯುತ್ತಾರೆ? (ಓದುಗರೊಬ್ಬರು, ಕಾರವಾರ)

ಉತ್ತರ: ಗುಟ್ಟಿನ ಮೂಲಗಳಿಂದ ತಿಳಿದುಕೊಳ್ಳುತ್ತಾರೆ ಎಂಬ ಊಹೆ ನಿಮಗಿದ್ದರೆ ಅದನ್ನು ಬಿಟ್ಟುಬಿಡಿ. ಪತ್ರಿಕಾ ವರದಿಗಳು, ಸಂಸತ್ತಿನ ಉತ್ತರಗಳು, ಬಜೆಟ್ ಪುಸ್ತಕಗಳು, ಕಂಪನಿಗಳ ವಾರ್ಷಿಕ ವರದಿಗಳು, ಸೇನಾ ನಿಯತಕಾಲಿಕಗಳು, ಹೀಗೆ ಯಾರು ಬೇಕಾದರೂ ಓದಬಹುದಾದ ಕಾಗದಗಳನ್ನಷ್ಟೇ ಅವರು ಬಳಸುತ್ತಾರೆ. ಆಯುಧ ವರ್ಗಾವಣೆಯ ಅವರ ಪಟ್ಟಿ 1950ರಿಂದ ಆರಂಭವಾಗುತ್ತದೆ. ಅದನ್ನು ಬಿಚ್ಚಿ ನೋಡಿದರೆ ನಮ್ಮ ಹಳೆಯ ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆಯೇ ಕಾಣುತ್ತದೆ: ಕೊಟ್ಟವರು ಯಾರು, ಪಡೆದವರು ಯಾರು, ಯಾವ ಸಾಮಗ್ರಿ, ಎಷ್ಟು, ಬೇಡಿಕೆ ಬರೆದುಕೊಟ್ಟದ್ದು ಯಾವ ವರ್ಷ, ಕೈಸೇರಿದ್ದು ಯಾವ ವರ್ಷ. ಕೊನೆಯ ಅಂಕಣದಲ್ಲಿ ಒಂದು ಸಣ್ಣ ಟಿಪ್ಪಣಿ. ಸಂಖ್ಯೆ ಖಚಿತವಿಲ್ಲದಿದ್ದರೆ ಅದು ಅಂದಾಜು ಎಂಬ ಗುರುತು ಅಲ್ಲಿಯೇ ಇರುತ್ತದೆ.

ಹಣದ ಲೆಕ್ಕವನ್ನು ಮಾತ್ರ ಅವರು ಈ ಪಟ್ಟಿಯಲ್ಲಿ ಹಿಡಿಯುವುದಿಲ್ಲ. ಹೆಚ್ಚಿನ ಓದುಗರು, ಅಷ್ಟೇಕೆ, ಎಷ್ಟೋ ವರದಿಗಾರರು ಎಡವುವುದು ಇಲ್ಲಿಯೇ. ಬೆಲ್ಲದ ಅಚ್ಚೊಂದನ್ನು ನೆಂಟರಿಗೆ ಕಡಿಮೆ ದರಕ್ಕೆ ಕೊಡುತ್ತೇವೆ, ಸಂತೆಯಲ್ಲಿ ಪೂರ್ತಿ ದರಕ್ಕೆ ಮಾರುತ್ತೇವೆ. ಅಚ್ಚಿನ ತೂಕ ಎರಡು ಕಡೆಯೂ ಒಂದೇ. ಸೋವಿಯತ್ ಒಕ್ಕೂಟ ನಮಗೆ ದೀರ್ಘಾವಧಿ ಸಾಲದ ಮೇಲೆ, ರೂಪಾಯಿಯಲ್ಲಿ ತೀರಿಸುವ ಕರಾರಿನ ಮೇಲೆ ಆಯುಧ ಕೊಟ್ಟಿತು, ಬೇರೆಯವರು ಡಾಲರ್ ಎಣಿಸಿಕೊಂಡು ಕೊಟ್ಟರು. ಬೆಲೆಯನ್ನು ಕೂಡಿಸಿದರೆ ಯಾರು ಎಷ್ಟು ಬಲ ಕೊಟ್ಟರೆಂಬುದು ತಿಳಿಯುವುದೇ ಇಲ್ಲ. ಆದ್ದರಿಂದ ಸಿಪ್ರಿ ಪ್ರತಿಯೊಂದು ಆಯುಧಕ್ಕೂ ತಯಾರಿಕಾ ವೆಚ್ಚ ಮತ್ತು ಸಾಮರ್ಥ್ಯದ ಆಧಾರದ ಮೇಲೆ ಒಂದು ಸೂಚಕ ಮೌಲ್ಯವನ್ನು ನಿಗದಿ ಮಾಡಿ, ಅದನ್ನೇ ಕೂಡಿಸುತ್ತದೆ. ಬೇರೊಂದು ಸೇನೆ ಬಳಸಿದ ಹಳೆಯ ಸಾಮಗ್ರಿಗೆ ಹೊಸದರ ಶೇ 40ರಷ್ಟು ಮೌಲ್ಯ. ಹಳೆಯದನ್ನು ಗಣನೀಯವಾಗಿ ನವೀಕರಿಸಿ ಕೊಟ್ಟಿದ್ದರೆ ಶೇ 66.

ನಿಮ್ಮೂರಿನ ಬಂದರಿನಲ್ಲಿ ನಿಲ್ಲುವ ಐಎನ್‌ಎಸ್ ವಿಕ್ರಮಾದಿತ್ಯವನ್ನೇ ನೆನಪಿಸಿಕೊಳ್ಳಿ. ರಷ್ಯಾದ ಹಳೆಯ ‘ಅಡ್ಮಿರಲ್ ಗೋರ್ಷ್‌ಕೋವ್’ ಹಡಗನ್ನು ನವೀಕರಿಸಿ ಕೊಡಲು 2004ರಲ್ಲಿ ಒಪ್ಪಿಕೊಂಡ ಮೊತ್ತ 97.4 ಕೋಟಿ ಡಾಲರ್. ಚೌಕಾಸಿ ನಡೆದು ನಡೆದು 2010ರ ಹೊತ್ತಿಗೆ ಅದು ಸುಮಾರು 230 ಕೋಟಿ ಡಾಲರ್ ದಾಟಿತು, ಹಡಗು 2013ರ ನವೆಂಬರ್‌ನಲ್ಲಿ ನೌಕಾಪಡೆಗೆ ಸೇರಿತು. ಬೆಲೆ ಎರಡು ಪಟ್ಟಿಗಿಂತ ಹೆಚ್ಚಾಯಿತು, ಹಡಗು ಮಾತ್ರ ಎರಡಾಗಲಿಲ್ಲ. ಬೆಲೆಯನ್ನು ನಂಬಿ ಲೆಕ್ಕ ಬರೆದಿದ್ದರೆ ಬೇಸ್ತುಬೀಳುತ್ತಿದ್ದೆವು.

ಇನ್ನೊಂದು ನಿಯಮ ಬೆಂಗಳೂರಿಗರಿಗೆ ರುಚಿಸಲಾರದು. ವಿದೇಶಿ ಪರವಾನಗಿ ಪಡೆದು ಇಲ್ಲಿಯೇ ತಯಾರಿಸಿದ್ದನ್ನೂ ಸಿಪ್ರಿ ಆಮದು ಎಂದೇ ಎಣಿಸುತ್ತದೆ. 2004ರಲ್ಲಿ ಖರೀದಿಗೆ ಒಪ್ಪಿದ 66 ಹಾಕ್ ತರಬೇತಿ ವಿಮಾನಗಳಲ್ಲಿ 24 ಬ್ರಿಟನ್ನಿನಿಂದ ಸಿದ್ಧವಾಗಿ ಬಂದವು, ಉಳಿದ 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಎಚ್‌ಎಎಲ್ ಕಾರ್ಮಿಕರು ಬೆವರು ಸುರಿಸಿ ಹೊರತಂದ ಆ ವಿಮಾನಗಳೂ ಸ್ಟಾಕ್‌ಹೋಮಿನ ಖಾತೆಯಲ್ಲಿ ಬ್ರಿಟನ್ನಿನ ರಫ್ತೇ. ಇದು ಅನ್ಯಾಯ ಎನ್ನುವವರಿದ್ದಾರೆ. ಪರವಾನಗಿ ಕೊಟ್ಟವನು ಬಿಡಿಭಾಗ ನಿಲ್ಲಿಸಿದರೆ ವಿಮಾನ ಹಾರೀತೇ ಎಂಬುದು ಅದಕ್ಕೆ ಎದುರು ಪ್ರಶ್ನೆ. ನನಗಂತೂ ಎರಡನೆಯ ವಾದವೇ ಸರಿಯೆನಿಸುತ್ತದೆ, ಏಕೆಂದರೆ ಇಲ್ಲಿ ಅಳೆಯುತ್ತಿರುವುದು ಯಾರು ಯಾರ ಮೇಲೆ ಅವಲಂಬಿತರು ಎಂಬುದನ್ನು, ಯಾರು ದುಡಿದರು ಎಂಬುದನ್ನಲ್ಲ. ಹಾಗೆ ಅಳೆದದ್ದರಿಂದಲೇ ನಮ್ಮ ಆಮದಿನಲ್ಲಿ ರಷ್ಯಾದ ಪಾಲು 2010–14ರಲ್ಲಿ ಶೇ 72 ಇದ್ದದ್ದು 2015–19ರಲ್ಲಿ ಶೇ 55ಕ್ಕೆ, 2020–24ರಲ್ಲಿ ಶೇ 36ಕ್ಕೆ ಇಳಿದದ್ದು ಸ್ಪಷ್ಟವಾಗಿ ಕಾಣುತ್ತದೆ. ಐದೈದು ವರ್ಷಗಳನ್ನು ಒಟ್ಟಿಗೆ ನೋಡುವುದಕ್ಕೂ ಕಾರಣವಿದೆ: ಒಂದು ದೊಡ್ಡ ಹಡಗು ಕೈಸೇರಿದ ವರ್ಷ ಅಂಕಿ ದಿಢೀರನೆ ಏರಿ ಮರುವರ್ಷ ಬೀಳುತ್ತದೆ, ಅದರಿಂದ ನೀತಿಯೇ ಬದಲಾಯಿತೆಂದು ತಿಳಿಯುವಂತಿಲ್ಲ.

ಈ ಲೆಕ್ಕದ ದೊಡ್ಡ ಕೊರತೆಯನ್ನೂ ಹೇಳಬೇಕು. ರೈಫಲ್ಲು, ಪಿಸ್ತೂಲುಗಳಂಥ ಸಣ್ಣ ಆಯುಧಗಳು ಇದರೊಳಗಿಲ್ಲ. ನಮ್ಮ ಈಶಾನ್ಯದಲ್ಲಾಗಲಿ ನೆರೆಯ ಮ್ಯಾನ್ಮಾರಿನಲ್ಲಾಗಲಿ ಬಂಡುಕೋರರ ಕೈಯಲ್ಲಿರುವುದು ಹೆಚ್ಚಾಗಿ ಅವೇ. ಆ ಬಗೆಯ ಹಿಂಸೆಯ ಲೆಕ್ಕ ಬೇಕೆಂದರೆ ಪಂಜಾಬಿನ ಪೊಲೀಸ್ ಮುಖ್ಯಸ್ಥರಾಗಿದ್ದ ಕೆ.ಪಿ.ಎಸ್. ಗಿಲ್ ಸ್ಥಾಪಿಸಿದ ದೆಹಲಿಯ ಸಂಘರ್ಷ ನಿರ್ವಹಣಾ ಸಂಸ್ಥೆ ನಡೆಸುವ ದಕ್ಷಿಣ ಏಷ್ಯಾ ಭಯೋತ್ಪಾದನಾ ದತ್ತಾಂಶವನ್ನು ನೋಡಬೇಕು. ಅವರು ಪತ್ರಿಕಾ ವರದಿಗಳಿಂದ ಘಟನೆಗಳನ್ನೂ ಸಾವುಗಳನ್ನೂ ಎಣಿಸುತ್ತಾರೆ. ವರದಿಗಾರ ತಲುಪದ ಊರಿನ ಸಾವು ಆ ಎಣಿಕೆಗೂ ತಲುಪುವುದಿಲ್ಲ.

ಪ್ರಶ್ನೆ: ಭಾರತದ ಬಳಿ 180 ಅಣ್ವಸ್ತ್ರ ಸಿಡಿತಲೆಗಳಿವೆ ಎಂದು ಓದಿದೆ. ಸರ್ಕಾರವೇ ಹೇಳದಿರುವುದನ್ನು ಇವರು ಹೇಗೆ ಹೇಳುತ್ತಾರೆ? (ಓದುಗರೊಬ್ಬರು, ಮೈಸೂರು)

ಉತ್ತರ: ನೀವು ಓದಿದ್ದು 2025ರ ಜನವರಿಯ ಸ್ಥಿತಿಯ ಅಂದಾಜು: ಭಾರತಕ್ಕೆ 180, ಪಾಕಿಸ್ತಾನಕ್ಕೆ 170, ಜಗತ್ತಿಗೆಲ್ಲ ಸೇರಿ 12,241. ಸಿಡಿತಲೆಗಳನ್ನು ಕಂಡು ಎಣಿಸಿದವರು ಯಾರೂ ಇಲ್ಲ. ಎಷ್ಟು ಪ್ಲುಟೋನಿಯಂ ಉತ್ಪಾದನೆಯಾಗಿರಬಹುದು, ಅವುಗಳನ್ನು ಹೊತ್ತೊಯ್ಯಬಲ್ಲ ಕ್ಷಿಪಣಿ ಮತ್ತು ವಿಮಾನಗಳು ಎಷ್ಟಿವೆ ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ ಈ ಸಂಖ್ಯೆಗೆ ಬರುತ್ತಾರೆ. ವರದಿಯಲ್ಲಿ ಅದು ಅಂದಾಜು ಎಂದೇ ಇರುತ್ತದೆ; ನಮ್ಮ ತಲೆಬರಹಗಳಿಗೆ ಬರುವಷ್ಟರಲ್ಲಿ ಆ ಪದ ಉದುರಿಹೋಗುತ್ತದೆ. 180 ಮತ್ತು 170ರ ನಡುವಿನ ವ್ಯತ್ಯಾಸವನ್ನು ಕ್ರಿಕೆಟ್ ರನ್ನಿನಂತೆ ಮೆರೆಸುವ ದೂರದರ್ಶನ ಚರ್ಚೆಗಳಿಗೂ ಈ ಅಧ್ಯಯನಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಇಂಥ ಸಂಸ್ಥೆಗಳಿಗೆ ಹಣ ಕೊಡುವವರು ಯಾರು? ಅನ್ನ ಹಾಕಿದವರ ಪರವಾಗಿ ಬರೆಯುವುದಿಲ್ಲವೇ? ಸರ್ಕಾರ ಇವರ ಮಾತು ಕೇಳಿದ ಉದಾಹರಣೆ ಇದೆಯೇ? (ಓದುಗರೊಬ್ಬರು, ಕಲಬುರಗಿ)

ಉತ್ತರ: ನಮ್ಮ ಪತ್ರಿಕೆಗಳು ಇವುಗಳನ್ನು ‘ಚಿಂತಕರ ಚಾವಡಿ’ ಎಂದು ಕರೆಯುತ್ತವೆ. ವಿಧಾನ ಪರಿಷತ್ತಿಗೂ ನಾವು ಅದೇ ಹೆಸರು ಕೊಟ್ಟಿರುವುದರಿಂದ ಗೊಂದಲವಾಗುವುದುಂಟು. ಹೆಸರೊಂದೇ ಆದರೂ ಎಲ್ಲ ಚಾವಡಿಗಳ ಕಂಬಗಳೂ ಒಂದೇ ಮರದವಲ್ಲ. ಸಿಪ್ರಿಗೆ ಗಣನೀಯ ಪಾಲು ಸ್ವೀಡನ್ ಸರ್ಕಾರದ ವಾರ್ಷಿಕ ಅನುದಾನದಿಂದ ಬರುತ್ತದೆ. ದೆಹಲಿಯಲ್ಲಿ 1965ರಲ್ಲಿ ಸ್ಥಾಪನೆಯಾದ ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆಗೆ, ಅಂದರೆ 2020ರಲ್ಲಿ ಮನೋಹರ್ ಪರ್ರೀಕರ್ ಅವರ ಹೆಸರು ಪಡೆದ ಸಂಸ್ಥೆಗೆ, ಹಣ ಕೊಡುವುದು ರಕ್ಷಣಾ ಸಚಿವಾಲಯ. ರಕ್ಷಣಾ ಸಚಿವರೇ ಅದರ ಅಧ್ಯಕ್ಷರು. 1990ರಲ್ಲಿ ಆರಂಭವಾದ ಅಬ್ಸರ್ವರ್ ರಿಸರ್ಚ್ ಫೌಂಡೇಶನ್ ಬೆಳೆದದ್ದು ರಿಲಯನ್ಸ್ ಸಮೂಹದ ನೆರವಿನಿಂದ. ಹಣದ ಮೂಲ ತಿಳಿದ ಕೂಡಲೇ ಬರಹವನ್ನು ತಳ್ಳಿಹಾಕಬೇಕಿಲ್ಲ. ಹಣ ಕೊಟ್ಟವರಿಗೆ ಹಿತವಾಗದ ಮಾತನ್ನು ಆ ಸಂಸ್ಥೆ ಎಂದಾದರೂ ಬರೆದಿದೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ಹತ್ತು ವರ್ಷದ ಪ್ರಕಟಣೆಗಳಲ್ಲಿ ಒಂದೂ ಸಿಗದಿದ್ದರೆ ಅದು ಸಂಶೋಧನಾ ಸಂಸ್ಥೆಯಲ್ಲ, ಪ್ರಚಾರ ಶಾಖೆ.

ಸರ್ಕಾರ ಮಾತು ಕೇಳಿದ್ದಕ್ಕೆ ಕೆ. ಸುಬ್ರಹ್ಮಣ್ಯಂ ಅವರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ದೆಹಲಿಯ ಆ ರಕ್ಷಣಾ ಅಧ್ಯಯನ ಸಂಸ್ಥೆಯನ್ನು ಎರಡು ಅವಧಿಗೆ ನಿರ್ದೇಶಕರಾಗಿ ನಡೆಸಿದ ಅವರನ್ನು 1999ರ ಜುಲೈನಲ್ಲಿ ಕಾರ್ಗಿಲ್ ಪರಿಶೀಲನಾ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಮಿತಿ ವರದಿ ಸಿದ್ಧಪಡಿಸಿತು, ಆಮೇಲೆ ಕೆಲವು ಭಾಗಗಳನ್ನು ಮರೆಮಾಡಿ ಅದನ್ನು ಸಂಸತ್ತಿನ ಮುಂದೆ ಇಡಲಾಯಿತು. ವರದಿಯನ್ನು ಆಧರಿಸಿ ರಚನೆಯಾದ ಸಚಿವರ ಗುಂಪು 2001ರಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಯನ್ನು ಶಿಫಾರಸು ಮಾಡಿತು. ಆ ಹುದ್ದೆಯಲ್ಲಿ ಮೊದಲಿಗರಾಗಿ ಜನರಲ್ ಬಿಪಿನ್ ರಾವತ್ ಅಧಿಕಾರ ವಹಿಸಿಕೊಂಡದ್ದು 2020ರ ಜನವರಿಯಲ್ಲಿ. ಮಾತು ಕೇಳಿದರು ಎನ್ನುವುದು ನಿಜ, ಕಿವಿಯಿಂದ ಕೈಗೆ ಇಳಿಯಲು 19 ವರ್ಷ ಹಿಡಿಯಿತು ಎನ್ನುವುದೂ ನಿಜ.

ಪ್ರಶ್ನೆ: ಭಾರತ ಮತ್ತು ಪಾಕಿಸ್ತಾನದ ನಿವೃತ್ತ ಅಧಿಕಾರಿಗಳು, ವಿದ್ವಾಂಸರು ಮೂರನೆಯ ದೇಶದ ಹೋಟೆಲಿನಲ್ಲಿ ಕುಳಿತು ಮಾತಾಡುತ್ತಾರಂತೆ. ಕಾಫಿ ಕುಡಿದು ಬರುವುದರಿಂದ ಶಾಂತಿ ಬಂದೀತೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಬರುವುದಿಲ್ಲ. ಬರುತ್ತದೆಂದು ಅಲ್ಲಿಗೆ ಹೋಗುವವರೂ ಹೇಳುವುದಿಲ್ಲ. ಸರ್ಕಾರದ ಅಧಿಕೃತ ಮಾತುಕತೆಯ ಹಳಿಯ ಪಕ್ಕದಲ್ಲಿ ಓಡುವ ಇದನ್ನು ‘ಟ್ರ್ಯಾಕ್ ಟೂ’ ಎನ್ನುತ್ತಾರೆ. ರಾಜಸ್ಥಾನದ ನೀಮರಾಣಾ ಕೋಟೆಯಲ್ಲಿ 1991ರಲ್ಲಿ ಸೇರಿದ ಗುಂಪು ಈ ಬಗೆಯ ಮಾತುಕತೆಗಳಲ್ಲಿ ಹಳೆಯದು. ಅಲ್ಲಿ ಆಡಿದ ಮಾತು ಯಾರನ್ನೂ ಕಟ್ಟಿಹಾಕುವುದಿಲ್ಲ, ಅದೇ ಅದರ ಬಲ ಮತ್ತು ಅದೇ ಅದರ ಮಿತಿ. ಸೇವೆಯಲ್ಲಿರುವ ಕಾರ್ಯದರ್ಶಿ ‘ಹೀಗೆ ಮಾಡಿದರೆ ನೀವೇನು ಮಾಡುವಿರಿ’ ಎಂದು ಕೇಳಿದರೆ ಅದು ಮರುದಿನದ ಸುದ್ದಿ. ನಿವೃತ್ತರು ಕೇಳಿದರೆ ಊಟದ ಹೊತ್ತಿನ ಮಾತು. ಇಂಥ ಕೂಟಗಳು 1999ರ ಕಾರ್ಗಿಲನ್ನೂ ತಡೆಯಲಿಲ್ಲ, 2025ರ ಮೇ ತಿಂಗಳ ಸೇನಾ ಸಂಘರ್ಷವನ್ನೂ ತಡೆಯಲಿಲ್ಲ.

ಕಾಗದದ ಮೇಲೆ ಉಳಿದು ಕೆಲಸ ಮಾಡುವುದು ಇನ್ನೊಂದು ಬಗೆಯದು. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂಬ ಒಪ್ಪಂದಕ್ಕೆ 1988ರ ಡಿಸೆಂಬರ್ 31ರಂದು ಎರಡೂ ದೇಶಗಳು ಸಹಿ ಹಾಕಿದವು. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ದೆಹಲಿ ಮತ್ತು ಇಸ್ಲಾಮಾಬಾದ್‌ಗಳಲ್ಲಿ ಏಕಕಾಲಕ್ಕೆ ಸ್ಥಾವರಗಳ ಪಟ್ಟಿಯನ್ನು ಕೈಬದಲಾಯಿಸುತ್ತಾರೆ. ಸಂಸತ್ತಿನ ಮೇಲೆ ದಾಳಿಯಾಗಿ ಗಡಿಯುದ್ದಕ್ಕೂ ಸೇನೆ ಜಮಾಯಿಸಿದ್ದ 2002ರ ಜನವರಿ 1ರಂದು ಕೂಡ ಅದು ತಪ್ಪಲಿಲ್ಲ. 2025ರದು 34ನೆಯ ವಿನಿಮಯ. ಕ್ಷಿಪಣಿ ಪರೀಕ್ಷೆಗೆ ಮುನ್ನ ಇನ್ನೊಂದು ಪಕ್ಷಕ್ಕೆ ತಿಳಿಸಬೇಕೆಂಬ ಮಾತು 1999ರ ಲಾಹೋರ್ ತಿಳಿವಳಿಕೆ ಪತ್ರದಲ್ಲಿತ್ತು, ಅದು ಪ್ರತ್ಯೇಕ ಒಪ್ಪಂದವಾದದ್ದು 2005ರಲ್ಲಿ. ಇವುಗಳನ್ನು ಮಾಡಿದ್ದು ಸರ್ಕಾರಗಳೇ, ಚಾವಡಿಗಳಲ್ಲ. ಆದರೆ ಎಷ್ಟು ದಿನ ಮುಂಚೆ ತಿಳಿಸಬೇಕು, ಯಾವ ಬಗೆಯ ಕ್ಷಿಪಣಿಗೆ ಅನ್ವಯಿಸಬೇಕು, ಮುಂದೆ ಯಾವುದನ್ನು ಸೇರಿಸಬಹುದು ಎಂಬಂಥ ಒಣ ಪ್ರಶ್ನೆಗಳನ್ನು ವರ್ಷಗಟ್ಟಲೆ ಬಿಡದೆ ಕೆದಕುವ ತಾಳ್ಮೆ ಇರುವುದು ಸಂಶೋಧಕರಿಗೇ.

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಲು ದೆಹಲಿಗೇ ಹೋಗಬೇಕೇ? ಏನು ಕಲಿಯಬೇಕು? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ದೆಹಲಿಯಲ್ಲಿ ಅವಕಾಶ ಹೆಚ್ಚು, ಆದರೆ ಬೆಂಗಳೂರೂ ಬರಿದಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಜೆ.ಆರ್.ಡಿ. ಟಾಟಾ ಅವರ ಆಶಯದಿಂದ 1988ರಲ್ಲಿ ಆರಂಭವಾಯಿತು. ಮೊದಲ ನಿರ್ದೇಶಕರು ತುಮಕೂರಿನಲ್ಲಿ ಹುಟ್ಟಿದ ಅಣು ವಿಜ್ಞಾನಿ ರಾಜಾ ರಾಮಣ್ಣ. ಭದ್ರತಾ ಅಧ್ಯಯನಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವಿದೆ, ವಿಜ್ಞಾನಿಗಳೂ ಸಮಾಜಶಾಸ್ತ್ರಜ್ಞರೂ ಒಂದೇ ಮೇಜಿನಲ್ಲಿ ಕೂರುತ್ತಾರೆ. ಸಾರ್ವಜನಿಕ ನೀತಿಯನ್ನು ಕಲಿಸುವ ತಕ್ಷಶಿಲಾ ಸಂಸ್ಥೆಯೂ ಬೆಂಗಳೂರಿನಲ್ಲಿಯೇ ಇದೆ.

ಕಲಿಯುವುದೆಂದರೆ ಮೊದಲು ಒಂದು ನೆರೆಭಾಷೆ. ಚೀನೀ ಭಾಷೆಗೆ ಎಲ್ಲರೂ ಮುಗಿಬೀಳುತ್ತಾರೆ. ಬರ್ಮೀ ಅಥವಾ ಸಿಂಹಳ ಓದಬಲ್ಲವರು ನಮ್ಮಲ್ಲಿ ವಿರಳ. ಎರಡನೆಯದು ಎಕ್ಸೆಲ್. ನಗಬೇಡಿ, ಈ ಕೆಲಸದ ಬಹುಪಾಲು ನಡೆಯುವುದು ಅದರಲ್ಲಿಯೇ. ಈ ವಾರವೇ ಒಂದು ಅಭ್ಯಾಸ ಮಾಡಿ ನೋಡಿ. ಸಿಪ್ರಿಯ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಶ್ರೀಲಂಕಾ ಅಥವಾ ಬಾಂಗ್ಲಾದೇಶವನ್ನು ಆರಿಸಿಕೊಂಡು 20 ವರ್ಷಗಳಲ್ಲಿ ಅವರಿಗೆ ಯಾರು ಯಾವ ಹಡಗು ಕೊಟ್ಟರೆಂದು ಬರೆದುಕೊಳ್ಳಿ. ಆಮೇಲೆ ಪ್ರತಿಯೊಂದು ಸಾಲಿಗೂ ಆ ದಿನಗಳ ಪತ್ರಿಕೆಯ ಸುದ್ದಿಯನ್ನು ಹುಡುಕಿ ಪಕ್ಕದಲ್ಲಿಡಿ. ಹಳೆಯ ವಾರ್ಷಿಕ ಸಂಪುಟದ ಅಂಕಿಯನ್ನು ಹೊಸದರ ಜೊತೆ ಬೆರೆಸಬೇಡಿ, ಏಕೆಂದರೆ ಹೊಸ ಮಾಹಿತಿ ಸಿಕ್ಕಾಗ ಅವರು ಹಿಂದಿನ ವರ್ಷಗಳನ್ನೂ ತಿದ್ದುತ್ತಾರೆ. ಎಲ್ಲಿ ಎರಡು ಆಧಾರಗಳು ಹೊಂದುವುದಿಲ್ಲವೋ ಅಲ್ಲಿ ಕೆಂಪು ಗುರುತು ಹಾಕಿ. ಆ ಕೆಂಪು ಗುರುತುಗಳಲ್ಲಿ ಯಾವುದೋ ಒಂದು ನಿಮ್ಮ ಎಂ.ಎ. ಪ್ರಬಂಧದ ವಿಷಯವಾದೀತು.